ಹದಿನಾಲ್ಕು ಸಂಜೆ

ಲೂಯಿಸ್ಟನ್ನಿನ ಮಕ್ಕಳ ಕ್ಲಿನಿಕ್ಕು,
ಮುಚ್ಚಿಹೋದ ಬಟ್ಟೆಗಿರಣಿಯ ಎದುರು.
ಗೋಡೆಯ ಮೇಲೆ ಡಾಕ್ಟರ್ ಪೆಲ್ಟಿಯರ್ ಬರೆಸಿದ ಅಂಕಿ:
ನೂರಕ್ಕೆ ಎಪ್ಪತ್ತೊಂದು.
ಉಳಿದವರು ನನ್ನ ಮೇಜಿನ ಮೇಲೆ:
ಹೆಸರು, ಹುಟ್ಟಿದ ದಿನ, ತಪ್ಪಿದ ಲಸಿಕೆ, ಫೋನ್ ನಂಬರು.

ಐದು ಗಂಟೆಯ ಮೇಲೆ ಒಂದೊಂದೇ ಕರೆ.
ಒಂದು ನಂಬರು ಸತ್ತಿದೆ. ಒಂದು ಪಿಜ್ಜಾ ಅಂಗಡಿಗೆ ಹೋಗುತ್ತದೆ.
"ರಜೆ ಕೇಳಿದರೆ ಕೆಲಸವೇ ಹೋಗತ್ತೆ" ಅಂದ ಒಬ್ಬ ಅಪ್ಪ.
ಅವನಿಗೆಂದು ಶನಿವಾರ ಬಾಗಿಲು ತೆರೆದೆವು;
ಅವನ ಹಿಂದೆ ಒಂಬತ್ತು ಜನ, ಬೂಟಿನ ಹಿಮ ಕೊಡವುತ್ತ.
ಅದು ಸುಲಭದ್ದು.

ಹೋದನ್ ಸುಲಭದವಳಲ್ಲ.
ಮೂರು ಸಲ ಬಂದಳು, ಮೂರು ಸಲವೂ
ಮಗನ ತೋಳನ್ನು ಶಾಲಿನೊಳಗೆ ಸುತ್ತಿಕೊಂಡು ಹೊರಟಳು.
ಚೀಟಿ ಕೊಟ್ಟೆ, ಅವಳ ಭಾಷೆಯಲ್ಲೇ ಅಚ್ಚಾದದ್ದು.
ನಾಲ್ಕಾಗಿ ಮಡಿಚಿ
ಅಲ್ಲಾಡುವ ಕುರ್ಚಿಯ ಕಾಲಡಿ ಇಟ್ಟಳು.
ಕುರ್ಚಿ ನೆಟ್ಟಗಾಯಿತು, ಅಷ್ಟೇ.

ನಾಲ್ಕನೆಯ ಸಲ ನನ್ನಲ್ಲಿ ಮಾತು ಮುಗಿದಿತ್ತು,
ಕಾಲು ನೋಯುತ್ತಿತ್ತು. ಸುಮ್ಮನೆ ಪಕ್ಕದಲ್ಲಿ ಕೂತೆ.
ಆಗ ಹೇಳಿದಳು, ಕಿಟಕಿಗೆ ಹೇಳುವ ಹಾಗೆ:
"ಪಕ್ಕದ ಮನೆಯ ಹುಡುಗ ಮಾತಾಡುತ್ತಿದ್ದ. ಆಮೇಲೆ ನಿಲ್ಲಿಸಿದ.
ಸೂಜಿಯಿಂದಲೇ ಅಂತಾರೆ ಎಲ್ಲರೂ.
ನನ್ನವನಿಗೆ ಇರುವುದೇ ಆರು ಮಾತು."

"ಸೂಜಿಯಿಂದಲ್ಲ" ಅಂದೆ, ಒಂದೇ ಸಲ.
ಆರೇ ನಾಣ್ಯ ಇರುವವಳಿಗೆ
ಬ್ಯಾಂಕಿನ ಲೆಕ್ಕ ಒಪ್ಪಿಸಿ ಏನು ಬಂತು?
"ಹದಿನಾಲ್ಕು ದಿನ, ದಿನಾ ಸಂಜೆ ಫೋನ್ ಮಾಡ್ತೀನಿ.
ಅವನ ಆರೂ ಮಾತು ನಾನೇ ಎಣಿಸಿಕೊಳ್ತೀನಿ."

ಶಾಲು ಸಡಿಲವಾಯಿತು.
ವರ್ಸಾಮೆ ಗಿರಣಿಗೆ ಕೇಳಿಸುವಂತೆ ಅತ್ತ.

ಮೊದಲ ಸಂಜೆ: ಬಿಯೊ. ನೀರು ಅಂತ ಅರ್ಥವಂತೆ.
ಎಂಟನೆಯ ಸಂಜೆ ಜ್ವರ, ಬರೀ ಮುಲುಕು.
ಬರಬಹುದೆಂದು ಮೊದಲೇ ಹೇಳಿದ್ದವಳು ನಾನೇ,
ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳೇಕೆ.
ಹತ್ತಕ್ಕೆ: ಬಿಸದ್. ಬೆಕ್ಕು.
ಹನ್ನೆರಡಕ್ಕೆ ಲೆಕ್ಕದಲ್ಲಿಲ್ಲದ ಏಳನೆಯದೊಂದು:
ದಯಹ್. ಚಂದ್ರ.

ಹದಿನಾಲ್ಕನೆಯ ಸಂಜೆ ಫೋನಿನೊಳಗೆ ಬರೀ ಉಸಿರು.
ಎದೆ ಧಸಕ್ಕೆಂದಿತು.
ಆಮೇಲೆ ಅವಳ ನಗು:
"ಬಾಯಿ ತುಂಬ ಬಾಳೆಹಣ್ಣು. ಇವತ್ತು ನಿಂಗೆ ಮಾತಿಲ್ಲವಂತೆ.
ಕೇಳು ಒಡೆಟ್, ನನ್ನ ನಾದಿನಿಗೂ ಒಂದು ಮಗು ಇದೆ.
ನಂಬರು ಬರ್ಕೋ."

ಪೆನ್ನು ಹುಡುಕುತ್ತಿದ್ದೇನೆ.