ಕಕ್ಕಡ ಹತ್ತೊಂಬತ್ತು

ಬೆಳಿಗ್ಗೆ ಎಂಟಕ್ಕೇ ಬಂದ ಗೋಣಿಕೊಪ್ಪದ ನಮ್ಮ ಲ್ಯಾಬಿಗೆ,
ಬ್ಯಾಂಕಿಗೆ ಹೊಸದಾಗಿ ವರ್ಗವಾದ ಗದಗದ ಹುಡುಗ.
ಕೊಡೆ ಮಡಚಲೂ ಮರೆತು
ಕರವಸ್ತ್ರ ಸುತ್ತಿದ ಬಾಟಲಿ ಮುಂದಿಟ್ಟ.
ಒಳಗೆ, ನೇರಳೆಗೂ ಕೆಂಪಿಗೂ ನಡುವಿನ ಬಣ್ಣ.
"ಮೇಡಂ, ನಾ ಸಾಯ್ತೀನೇನ್ರೀ?"

ನಗಬಾರದಿತ್ತು. ನಕ್ಕೆ.
"ನಿನ್ನೆ ಎಲ್ಲಿ ಉಂಡಿರಿ?"
"ಮನಿ ಓನರು ದೇಚವ್ವ ಪಾಯಸ ಕೊಟ್ಟಿದ್ರು,
ಶಾಯಿ ಬಣ್ಣದ್ದು. ಎರಡು ಬಟ್ಟಲ ಹೊಡದೆ."

ಕಕ್ಕಡದ ಹದಿನೆಂಟಕ್ಕೆ ಆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಕೂಡುತ್ತವೆ,
ಮರುದಿನ ಬಚ್ಚಲಲ್ಲಿ ಬಣ್ಣ ಕಂಡರೆ ಮೈಗೆ ಹಿಡಿಯಿತೆಂದು ಲೆಕ್ಕ.
ಹುಟ್ಟಿದಂದಿನಿಂದ ಕೇಳಿದ ಮಾತು, ಹೇಳಿದೆ.
ಅವನು ಬ್ಯಾಂಕಿನವನು.
"ಎಲ್ಲಿ ಬರದಾರ್ರೀ ಇದನ್ನ?"

ಎಲ್ಲಿ ಬರೆದಿದ್ದಾರೆ?
ರಾತ್ರಿ ಕರೆಂಟು ಬಂದ ಮೇಲೆ ಹುಡುಕಿದೆ.
ಸೊಪ್ಪಿನ ಲ್ಯಾಟಿನ್ ಹೆಸರು, ಬಣ್ಣದ ವಿಶ್ಲೇಷಣೆ,
ಆರು ಸಾಲು ಸಾರಾಂಶ, ಆಮೇಲೆ ಬೀಗ.
ಒಳಗೆ ಬರಲು ಮೂವತ್ತೊಂಬತ್ತು ಡಾಲರು,
ಇಪ್ಪತ್ತನಾಲ್ಕು ಗಂಟೆಗೆ.
ಲಾಡ್ಜಿನ ಲೆಕ್ಕ.
ದೇಚವ್ವನ ಬೇಲಿಗೆ ಗೇಟೂ ಇಲ್ಲ,
ಕೇಳಿದವರಿಗೆಲ್ಲ ಕಟ್ಟುಕಟ್ಟು ಮುರಿದು ಕೊಡುವ ಕೈ.

ಬೀಗವಿಲ್ಲದ ಪತ್ರಿಕೆಗಳೂ ಇವೆಯೆಂದು
ಓದುವಾಗ ಯಾರೋ ಹೇಳಿದ್ದು ನೆನಪಾಯಿತು.
ಪಟ್ಟಿಯೊಂದು ಸಿಕ್ಕಿತು, ಸಾವಿರಾರು ಹೆಸರು,
ಪಕ್ಕದಲ್ಲಿ ಬಾಯಿ ತೆರೆದ ಪುಟ್ಟ ಬೀಗದ ಚಿತ್ರ,
ಥೇಟ್ ನಮ್ಮ ಕಿತ್ತಳೆಯ ಬಣ್ಣ.
ಈಗ ಸಂತೆಗೆ ಬರುವುದಲ್ಲ, ಹಳೆಯದು,
ಸಿಪ್ಪೆ ತಾನಾಗಿ ಬಿಡುತ್ತಿದ್ದದ್ದು.

ಬಾಗಿಲು ತೆರೆದದ್ದೆಲ್ಲ ಮನೆಯಲ್ಲ.
ಮೊದಲು ಹೊಕ್ಕಲ್ಲಿ ಆ ಸೊಪ್ಪು
ಸಕ್ಕರೆ ಕಾಯಿಲೆಯಿಂದ ಬೋಳುತಲೆಯವರೆಗೆ ಎಲ್ಲ ವಾಸಿ ಮಾಡುತ್ತಿತ್ತು.
ಎರಡನೇ ಕೋಷ್ಟಕದಲ್ಲಿ ಏಳನೇ ಸ್ಯಾಂಪಲ್ಲೂ ಹನ್ನೆರಡನೆಯದೂ
ದಶಾಂಶದವರೆಗೂ ಒಂದೇ.
ಹದಿನಾಲ್ಕು ವರ್ಷ ಬಾಟಲಿ ನೋಡಿದ ಕಣ್ಣು. ಮುಚ್ಚಿದೆ.

ಮತ್ತೊಂದು, ಯಾವುದೋ ಸಣ್ಣ ಕಾಲೇಜಿನದು, ಹನ್ನೊಂದು ಪುಟ.
ಇಳಿಸಿಕೊಳ್ಳುವಾಗ ನನ್ನ ಹೆಸರನ್ನೂ ಕೇಳಲಿಲ್ಲ.
ನೆಟ್‌ವರ್ಕು ಎರಡು ಸಲ ಬಿದ್ದು ಎದ್ದಿತು.
ಓದಿದೆ. ತಿಳಿಯದ್ದನ್ನು ಮತ್ತೆ ಓದಿದೆ.
ಬಣ್ಣ ಸೊಪ್ಪಿನದೇ, ರಕ್ತದ್ದಲ್ಲ.
ಕೊನೆಯಲ್ಲಿ, ನಾಚಿಕೆಯಿಲ್ಲದೆ, ಬರೆದಿದ್ದರು:
ಹದಿನೆಂಟು ಎಂಬುದನ್ನು ನಾವು ಪರೀಕ್ಷಿಸಿಲ್ಲ.
ಆ ಸಾಲಿಗಾಗಿ ಉಳಿದದ್ದನ್ನೂ ನಂಬಿದೆ.

ದೇಚವ್ವ ಕಣಿಲೆ ಹೆಚ್ಚುತ್ತಾ ಕೇಳಿಸಿಕೊಂಡರು.
"ಅವರೂ ಎಣಿಸಲಿಲ್ಲವಾ? ಸರಿ, ನಾನೂ ಎಣಿಸಲಿಲ್ಲ.
ಸೊಪ್ಪು ಎಲ್ಲಿಂದ ಕೊಯ್ದರಂತೆ?"
ಅಮ್ಮತ್ತಿ ಹತ್ತಿರ, ರಸ್ತೆ ಬದಿಯ ಬೇಲಿ.
"ಮನೆಯವರನ್ನು ಕೇಳಿ ಕೊಯ್ದರಾ?"
ಪುಟ ತಿರುವಿದೆ. ಅದು ಎಲ್ಲೂ ಇರಲಿಲ್ಲ.

ಹುಡುಗನ ವರದಿ: ರಕ್ತ ಇಲ್ಲ, ಸಕ್ಕರೆ ಇಲ್ಲ.
ಷರಾ: ಪಾಯಸ.
ಹಿಂದೆ ಹನ್ನೊಂದು ಪುಟ ಪಿನ್ ಮಾಡಿದೆ.
"ಇದಕ್ಕ ಎಷ್ಟ್ರೀ?"
"ಜೆರಾಕ್ಸಿನವನಿಗೆ ಇಪ್ಪತ್ತೆರಡು."
ಅವನು ಚಿಲ್ಲರೆ ಹುಡುಕುತ್ತಿದ್ದ. ಹೊರಗೆ ಬೆಂಚಿನ ಮೇಲೆ
ಪಾಲಿಟೆಕ್ನಿಕ್ಕಿನ ಇಬ್ಬರು,
ಚೀಲದೊಳಗೆ ಏನನ್ನೋ ಅಡಗಿಸಿಕೊಂಡು.