ಬಿಡಿ ಮಾತ್ರೆ

ದುರ್ಗಿಗುಡಿಯಲ್ಲಿ ನಾನು ಕೆಲಸ ಕಲಿತಾಗ
ಅಂಗಡಿಯ ಕತ್ತರಿಗೆ ಪಾರ್ಸೆಲ್ಲಿನ ಹುರಿಯೊಂದೇ ಗೊತ್ತಿತ್ತು.
ಇಂಜಿನ್ನು ಆರಿಸದೆ, ಕಾರಿನಿಂದಲೇ ಕೈ ನೀಡಿ
ಮೂರು ತಿಂಗಳ ಮಾತ್ರೆ ಒಯ್ಯುತ್ತಿದ್ದರು ಜನ,
ಸಕ್ಕರೆಯದು, ಬೀಪಿಯದು, ಜೊತೆಗೊಂದು ಮುಖದ ಕ್ರೀಮು.

ನಿಟ್ಟೂರಿನಲ್ಲಿ ಸ್ವಂತ ಬಾಗಿಲು ತೆರೆದ ತಿಂಗಳೊಳಗೆ
ಕತ್ತರಿ ಮೊಂಡಾಯಿತು.

"ಬೀಪಿದು ನಾಲ್ಕು ಬಿಡಿ ಕೊಡಿ ಅಕ್ಕ."
ನಾಲ್ಕೆಂದರೆ ಬಟವಾಡೆಯ ತನಕ.
ಮಳೆ ಹಿಡಿದು ಕೆಲಸ ನಿಂತರೆ ಎರಡು;
ಎರಡನ್ನು ಉಗುರಲ್ಲಿ ಒಡೆದರೆ ಮತ್ತೆ ನಾಲ್ಕು.
ಈ ಲೆಕ್ಕ ನನ್ನ ಕಾಲೇಜಿನಲ್ಲಿ ಇರಲಿಲ್ಲ,
ಗುತ್ಯಮ್ಮ ಕಲಿಸಿದ್ದು.

"ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಕೊಡ್ತಾರಲ್ಲ?"
"ಪುಕ್ಕಟೆಯೇ. ಇದ್ದ ದಿನ.
ಹೋಗಿಬರೋ ಕೂಲಿ ಮಾತ್ರ ನಮ್ದು."

ಅದೇ ಕಂಪನಿ, ಅದೇ ಗುಲಾಬಿ ಬಣ್ಣ,
ಬೆನ್ನ ಮೇಲೆ ಅಚ್ಚಾದ ಬೆಲೆಯೂ ಅದೇ.
ಬಸ್ಸಿನ ಟಾಪಿನಲ್ಲಿ ಪೆಟ್ಟಿಗೆ ಹೊರಟು
ಆಯನೂರು, ರಿಪ್ಪನ್‌ಪೇಟೆ, ಹೊಸನಗರ ದಾಟಿ
ನಗರದ ತಿರುವುಗಳಲ್ಲಿ ಅತ್ತಿತ್ತ ಜರುಗಿ
ಇಲ್ಲಿ ಇಳಿದಾಗ ಒಂದು ಪೈಸೆಯೂ ಹೆಚ್ಚಿಲ್ಲ.
ಆದರೂ ಅಲ್ಲಿ ಅದು ಚಿಲ್ಲರೆ,
ಇಲ್ಲಿ ಒಂದು ಹೊತ್ತಿನ ಮೀನು.

ಶಿವಮೊಗ್ಗದಿಂದ ಸರ್ವೆಗೆ ಬಂದ ಹುಡುಗನ ಕೈಲೂ
ಒಂದು ಟ್ಯಾಬ್ಲೆಟ್ಟು. ಬೆರಳಾಡಿಸುತ್ತ ಕೇಳಿದ:
"ಔಷಧಿ ತಪ್ಪದೆ ತಗೋತೀರಾ?"
"ತಪ್ಪದೆ," ಅಂದಳು ಗುತ್ಯಮ್ಮ.
ಯಾವ ದಿನ ಅಂತ ಅವನು ಕೇಳಲಿಲ್ಲ.
ಹಸಿರು ಗುರುತು ಬಿತ್ತು.

ಸ್ಟ್ರಿಪ್ಪಿನ ಒಂದು ಅಂಚಲ್ಲಷ್ಟೇ ತಾರೀಕು ಇರುತ್ತದೆ.
ಇನ್ನೊಂದು ತುದಿಯಿಂದ ಕತ್ತರಿಸುತ್ತ ಬರುತ್ತೇನೆ,
ತಾರೀಕು ಕೊನೆಯವರ ಪಾಲು.
ಒಮ್ಮೆ ಅದು ಅವಳಿಗೆ ಬಂತು.
"ಏನು ಬರೆದಿದಾರೆ?"
"ಎಲ್ಲಿ ತನಕ ಬಾಳುತ್ತೆ ಅಂತ."
"ಯಾರು, ನಾನಾ?"
ಎಲೆಯಡಿಕೆಯ ಬಾಯಲ್ಲಿ ನಕ್ಕು, "ಅದೆಲ್ಲ ಬಿಡಿ," ಅಂದು
ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ದೀಪಾವಳಿ ಕಳೆದ ಮೇಲೆ ಮಗಳು ಬಂದಳು.
ಅದೇ ತುಂಡು. ಗಂಟಿನ ಸುಕ್ಕು ಹಾಗೇ ಇತ್ತು.
ಒಳಗೆ ಒಂದು ಇಡಿ, ಒಂದು ಅರ್ಧ.
"ಅವ್ವನ ಬಾಯಿ ಎಡಕ್ಕೆ ಎಳೆದುಬಿಟ್ಟಿದೆ,
ನುಂಗಕ್ಕೆ ಆಗಲ್ಲ. ವಾಪಸು ತಗೋತೀರಾ?"

ಕತ್ತರಿಸಿದ್ದನ್ನು ವಾಪಸು ತಗೊಳ್ಳುವ ಹಾಗಿಲ್ಲ.
ತಿರುಗಿಸಿ ನೋಡಿದೆ:
ಅದಕ್ಕಿನ್ನೂ ಹದಿನಾಲ್ಕು ತಿಂಗಳಿತ್ತು.

ಗಲ್ಲಾ ಎಳೆದೆ.
ಅರ್ಧ ಮಾತ್ರೆಗೆ ಎಷ್ಟು ಅಂತ
ಲೆಕ್ಕ ಹತ್ತಲಿಲ್ಲ.