ಖಾಲಿ ತೂಕ

ಹರಿಹರ ರಸ್ತೆಯ ವೇಬ್ರಿಡ್ಜಿನ ಗೂಡು. ರಾತ್ರಿ ಹನ್ನೊಂದೂಕಾಲು.
ಚೀಟಿ ಮುದ್ರಿಸಲೆಂದು ಮಾಲೀಕರಿಟ್ಟ ಕಂಪ್ಯೂಟರಿನೊಳಗೆ
ನಾನೊಬ್ಬ ಕತ್ತಿ ಕಟ್ಟಿದ ದಾರಿಹೋಕ.
ಈಚೆ ಸುಟ್ಟ ಕಣಜ, ಆಚೆ ವಿಷ ಬೆರೆತ ಬಾವಿ,
ನಡುವೆ ಒಂದು ಬಂಡೆ. ಅದನ್ನು ಹತ್ತಿ
ಯಾರದು ತಪ್ಪೆಂದು ನಾನು ಹೇಳಬೇಕಂತೆ.

ಕಣಜ ಸುಟ್ಟೆವು ನಿಜ, ಬಾವಿ ಕೆಟ್ಟ ಮೇಲೆ, ಎನ್ನುತ್ತಾರೆ ಹೊಳೆಯವರು.
ಅದಕ್ಕೂ ಮುಂಚೆ, ಎನ್ನುತ್ತಾರೆ ಕುಲುಮೆಯವರು.
ಮುಂಚೆ ಎಂಬ ಮಾತಿಗೆ ಅಲ್ಲಿ ತಳವಿಲ್ಲ.
ಒಬ್ಬ ಮುದುಕಿ, ತಾನು ನೋಡದ ಕಾಲದ
ಒಂದು ಕುದುರೆಯ ಹೆಸರು ಹಿಡಿದು ಅಳುತ್ತಾಳೆ.

ಮಂಡಕ್ಕಿ ಭಟ್ಟಿಯ ಬೂದಿ ತೋಳಿಗಂಟಿಸಿಕೊಂಡೇ ಬಂದ ದಾದಾಪೀರ್
ಸ್ಟೂಲು ಎಳೆದುಕೊಂಡ. "ಹೆಣ ಎಣಿಸಲೇ ಹಾಲೇಶ,
ಯಾರ ಕಡೆ ಕಮ್ಮಿ ಸತ್ತಾರೋ ತಪ್ಪು ಅವರದು."
ಗುರಿ ತಪ್ಪುವವನು ಪುಣ್ಯವಂತನೇನೋ, ಎಂದೆ.
ಅವನು ಮಿರ್ಚಿಯ ತೊಟ್ಟನ್ನು ಕೀಬೋರ್ಡಿನ ಮೇಲಿಟ್ಟು
ಬಾಯಿ ಉರಿಯುತ್ತೆ ನೀರು ಕೊಡು ಅಂದ.

ಆರು ವರ್ಷದಲ್ಲಿ ಈ ಕೆಲಸ ಕಲಿಸಿದ್ದು ಇಷ್ಟು:
ತುಂಬಿದ ಗಾಡಿಯ ತೂಕ, ತೂಕವೇ ಅಲ್ಲ.
ಖಾಲಿ ಮಾಡಿಸಬೇಕು, ನಿಲ್ಲಿಸಬೇಕು, ಕಳೆಯಬೇಕು.
ಇವರನ್ನು ಎಲ್ಲಿ ಖಾಲಿ ಮಾಡಿಸಲಿ?
ಸತ್ತವರನ್ನು ಇಳಿಸಿ ಬನ್ನಿ ಎಂದರೆ
ಯಾವ ತಾಯಿ ಇಳಿಸುತ್ತಾಳೆ?

ಆಗ ನೆನಪಾಯಿತು.
ಆಟ ಹೊಸದಿದ್ದಾಗ, ಕೀಲಿಯಿಲ್ಲದ ಆ ಕಣಜದೊಳಗೆ
ಗುಂಡಿ ಒತ್ತಿದೆ. ಒಂದು ಚೀಲ ಬಂತು. ಮತ್ತೆ ಒತ್ತಿದೆ.
ಹನ್ನೊಂದು. ಕದ್ದೆ ಎಂದು ಯಾರೂ ಅನ್ನಲಿಲ್ಲ.
ಮಾರಿದ ದುಡ್ಡಿಗೆ ಒಂದು ಜೊತೆ ಬೂಟು ಬಂದವು,
ಮೊಣಕಾಲುದ್ದದವು, ಹಿತ್ತಾಳೆ ಕೊಂಡಿಯವು.
ಮರುದಿನ ಕುಲುಮೆಯ ಕಾವಲುಗಾರ ಚೀಲ ಎಣಿಸಿ
ದೋಣಿಯವನ ಮಗನ ಕಿವಿ ಕೊಯ್ದಿದ್ದ.
ಅವರಪ್ಪ ನನ್ನೆದುರು ನಿಂತು ಏನೋ ಹೇಳುತ್ತಿದ್ದ;
ಮಾತು ಉದ್ದವಾಯಿತೆಂದು
ನಾನೇ ಮುಂದಕ್ಕೆ ದಾಟಿಸಿದ್ದೆ.

ಬಂಡೆಯ ಮೇಲೆ ಮೂರು ಉತ್ತರಗಳಿವೆ:
ಹೊಳೆಯವರು. ಕುಲುಮೆಯವರು. ಹೇಳಲಾರೆ.
ಬಾಣದ ಗುರುತು ಮೂರರ ಮೇಲೂ ಅಲೆದು ಬಂತು.

ಹಾರ್ನು. ಜಗಳೂರು ಕಡೆಯ ಮೆಕ್ಕೆಜೋಳದ ಲಾರಿ.
ಇಪ್ಪತ್ತೆರಡು ಸಾವಿರದ ನಾನೂರ ಅರವತ್ತು.
"ಚೀಟಿ ಕೊಡಣ್ಣೋ, ಖಾಲಿದು ಬೆಳಿಗ್ಗೇದೇ ಬರ್ಕೊ."
ಕ್ಯಾಬಿನ್ನಿನಲ್ಲಿ ಯಾರಿದ್ದಾರೆ, ಕೇಳಿದೆ.
ಎಂದೂ ಕೇಳಿದವನಲ್ಲ.
ಕ್ಲೀನರ್ ಮಲಗ್ಯಾನೆ ಬಿಡಣ್ಣ, ಅಂದ. ಇಳಿಸು, ಅಂದೆ.
ಇದ್ಯಾವ ಹೊಸ ಕಾನೂನು ಎಂದು ಬೈದುಕೊಂಡೇ ಎಬ್ಬಿಸಿದ.

ನಲವತ್ತು ಕೆಜಿ ಮೆಕ್ಕೆಜೋಳ
ಕಣ್ಣುಜ್ಜಿಕೊಂಡು ಬರಿಗಾಲಲ್ಲಿ ಇಳಿದು ಬಂತು.
ಕೆಂಪು ಅಂಕಿ ನಡುಗಿ, ನಾನೂರ ಇಪ್ಪತ್ತಕ್ಕೆ ನಿಂತಿತು.
ಹುಡುಗ ಗೂಡಿನ ಕಿಟಕಿಗೆ ಗಲ್ಲವಿಟ್ಟು
ಪರದೆಯನ್ನೇ ನೋಡಿದ, ಬಾವಿಯನ್ನಲ್ಲ, ಬೂದಿಯನ್ನಲ್ಲ.

"ಅಣ್ಣಾ, ಆ ಬೂಟು
ಎಲ್ಲಿ ಸಿಗ್ತಾವೆ?"